ಹಲ್ಲಿನ ಹೊರಕವಚದ ಮರ್ಮವನ್ನು ತಿಳಿಸಿಕೊಟ್ಟ ಡಾ. ಮಿಲ್ಲರ್

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ನಾವೆಲ್ಲ ಬೇರೆ ಬೇರೆ ಅರ್ಥದಲ್ಲಿ ಬಳಸುತ್ತೇವೆ. ಅದರ ನೇರವಾದ ಅರ್ಥದ ಕಡೆಗೆ ನಮ್ಮ ಗಮನ ಹೋಗುವುದು ಕಡಿಮೆ. ಹಲ್ಲು ಸವೆಯುವುದು, ಉದುರುವುದು ವಯಸ್ಸಿನ ಧರ್ಮ, ಅದಕ್ಕೆ ಯಾರೇನು ಮಾಡಲು ಸಾಧ್ಯ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆಗೆ ಆಧಾರವಿಲ್ಲವೆಂದು ಪ್ರಯೋಗಗಳ ಮೂಲಕ ತೋರಿಸಿಕೊಟ್ಟ ಮಹನೀಯರಲ್ಲಿ ಡಾ. ವಿಲ್ಲೋಬಿ ಡೇಟನ್ ಮಿಲ್ಲರ್ ಪ್ರಮುಖರು. ಹಲ್ಲು ತಾನಾಗಿ ಹಾಳಾಗುವುದಿಲ್ಲ, ನಾವು ತಿನ್ನುವ ಪದಾರ್ಥವೂ ತಿಕ್ಕುವ ಪುಡಿಯೂ ಅದನ್ನು ಹಾಳು ಮಾಡುತ್ತವೆ ಎಂಬುದು ಅವರ ಜೀವಮಾನದ ದುಡಿಮೆಯ ಸಾರ.

ಮಿಲ್ಲರರ ವಿಚಾರವನ್ನು ಇಂದು ಎತ್ತಿಕೊಳ್ಳಲು ನಮಗೊಂದು ಕಾರಣವಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹೆಸರು ನಮ್ಮ ಓದುಗರಿಗೆ ಹೊಸತಲ್ಲ. ದಾನಮ್ಮದೇವಿಯ ಗುಡ್ಡಾಪುರ ಇರುವುದು ಆ ತಾಲೂಕಿನಲ್ಲಿಯೇ. ಉಮದಿ, ಸಂಖ, ಮಾಡಗ್ಯಾಳ ಮೊದಲಾದ ಊರುಗಳ ಮನೆಮಾತು ಕನ್ನಡ. ನಾವು ಮಲಯಾಳದ ನಡುವೆ ಇರುವಂತೆ ಅವರು ಮರಾಠಿಯ ನಡುವೆ ಇದ್ದಾರೆ. ಮಳೆ ಕಡಿಮೆಯಾದ ಸೀಮೆ ಅದು. ಪೂರ್ವದಂಚಿನ ಊರುಗಳಿಂದ ಜಿಲ್ಲಾ ಕೇಂದ್ರವಾದ ಸಾಂಗ್ಲಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹಲ್ಲು ಜುಮ್ಮೆಂದ ಮಾತ್ರಕ್ಕೆ ಒಂದು ದಿನದ ಕೂಲಿಯನ್ನು ಬಿಟ್ಟು ಅಷ್ಟು ದೂರದ ವೈದ್ಯರ ಬಳಿಗೆ ಯಾರು ಹೋದಾರು? ಅಂತಹ ಕಡೆ ರೋಗಕ್ಕೆ ಮದ್ದು ಹುಡುಕುವುದಕ್ಕಿಂತ ಅದು ಬಾರದಂತೆ ನೋಡಿಕೊಳ್ಳುವ ತಿಳುವಳಿಕೆಯೇ ದೊಡ್ಡದು. ಆ ತಿಳುವಳಿಕೆ ಮನೆಮಾತಿನಲ್ಲಿ ದೊರೆತರೆ ಮಾತ್ರ ಅಡುಗೆಮನೆಯ ತನಕ ತಲುಪುತ್ತದೆ. ಇದು ಜತ್ತಕ್ಕೆ ಎಷ್ಟು ನಿಜವೋ ಕಾಸರಗೋಡಿಗೂ ಅಷ್ಟೇ ನಿಜ.

ಗಣಿತದಿಂದ ಹಲ್ಲಿನ ಕಡೆಗೆ

ಮಿಲ್ಲರ್ ಹುಟ್ಟಿದ್ದು 1853ರ ಆಗಸ್ಟ್ 1ರಂದು, ಅಮೆರಿಕದ ಒಹಾಯೊ ರಾಜ್ಯದ ಅಲೆಕ್ಸಾಂಡ್ರಿಯಾ ಎಂಬ ಸಣ್ಣ ಊರಿನಲ್ಲಿ. ಮೊದಲು ಅವರಿಗೆ ದಂತವೈದ್ಯರಾಗುವ ಯೋಚನೆ ಇರಲಿಲ್ಲ. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳನ್ನು ಓದಿ 1875ರಲ್ಲಿ ಪದವಿ ಪಡೆದರು. ಹೆಚ್ಚಿನ ವ್ಯಾಸಂಗಕ್ಕಾಗಿ ಕಡಲು ದಾಟಿ ಯುರೋಪಿಗೆ ಹೋದರು. ಎಡಿನ್‌ಬರೋದಲ್ಲಿ ಕೆಲಕಾಲ ಇದ್ದು ಬಳಿಕ ಜರ್ಮನಿಯ ಬರ್ಲಿನ್ ನಗರವನ್ನು ಸೇರಿದರು.

ಆ ಕಾಲದಲ್ಲಿ ಬರ್ಲಿನ್ ನಗರದಲ್ಲಿ ಫ್ರಾಂಕ್ ಆಬಟ್ ಎಂಬ ಅಮೆರಿಕನ್ ದಂತವೈದ್ಯರಿದ್ದರು. ಅವರ ಪರಿಚಯ ಮಿಲ್ಲರರ ಬಾಳಿನ ದಾರಿಯನ್ನೇ ಬದಲಿಸಿತು. ಆಬಟ್ ಅವರ ಪ್ರೇರಣೆಯಿಂದ ಮಿಲ್ಲರ್ ಸ್ವದೇಶಕ್ಕೆ ಮರಳಿ ಪೆನ್ಸಿಲ್ವೇನಿಯಾದಲ್ಲಿ ದಂತವೈದ್ಯವನ್ನು ಕಲಿತು 1879ರಲ್ಲಿ ಪದವೀಧರರಾದರು. ಆಬಟ್ ಅವರ ಮಗಳನ್ನೇ ಮದುವೆಯಾಗಿ ಮತ್ತೆ ಬರ್ಲಿನ್ ನಗರಕ್ಕೆ ಬಂದರು. ಮಾವ ಅಳಿಯ ಇಬ್ಬರೂ ಒಂದೇ ವೃತ್ತಿಯವರಾದರು. ಮಾವನ ಹೆಸರಿನ ನೆರಳಿನಲ್ಲಿ ಶ್ರೀಮಂತ ರೋಗಿಗಳ ಹಲ್ಲು ನೋಡುತ್ತ ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ ಗಣಿತವನ್ನೂ ಭೌತಶಾಸ್ತ್ರವನ್ನೂ ಓದಿದ್ದ ಅವರ ಮನಸ್ಸು ಕಾರಣವನ್ನು ಹುಡುಕದೆ ಸುಮ್ಮನಿರಲಿಲ್ಲ.

ಆಗ ಬರ್ಲಿನ್ ನಗರ ಸೂಕ್ಷ್ಮಜೀವಿ ಶಾಸ್ತ್ರದ ಕಾಶಿಯಂತಿತ್ತು. ಕ್ಷಯರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು 1882ರಲ್ಲಿ ಲೋಕಕ್ಕೆ ತೋರಿಸಿದ ರಾಬರ್ಟ್ ಕಾಕ್ ಅಲ್ಲಿದ್ದರು. ಕಾಲರಾ ರೋಗದ ಮೂಲವನ್ನು ಅರಸಿ 1883ರ ಕೊನೆಯಲ್ಲಿ ನಮ್ಮ ಕಲ್ಕತ್ತೆಗೂ ಬಂದಿದ್ದವರು ಇವರೇ. ಕಾಕ್ ಅವರ ಪ್ರಯೋಗಾಲಯದಲ್ಲಿ ಮಿಲ್ಲರ್ ಕೆಲಸ ಕಲಿತರು. ಕಾಯಿಲೆಗೆ ಕಾರಣ ಕಣ್ಣಿಗೆ ಕಾಣದ ಜೀವಿಯಾಗಿರಬಹುದಾದರೆ ಹಲ್ಲಿನ ಹುಳುಕಿಗೂ ಅಂತಹದೇ ಕಾರಣ ಏಕಿರಬಾರದು ಎಂಬ ಪ್ರಶ್ನೆ ಅವರನ್ನು ಹಿಡಿಯಿತು. 1884ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯ ದಂತವೈದ್ಯ ಸಂಸ್ಥೆಯನ್ನು ತೆರೆದಾಗ ಪರದೇಶದವರಾದ ಮಿಲ್ಲರರಿಗೆ ಪ್ರಾಧ್ಯಾಪಕ ಸ್ಥಾನ ದೊರೆಯಿತು. ಆ ದಿನಗಳಲ್ಲಿ ಇದು ಸಣ್ಣ ಗೌರವವಲ್ಲ.

ಎಂಜಲು, ರೊಟ್ಟಿ ಮತ್ತು ಕಿತ್ತ ಹಲ್ಲು

ಹಲ್ಲಿನೊಳಗೆ ಹುಳವೊಂದು ಸೇರಿಕೊಂಡು ಕೊರೆಯುತ್ತದೆ ಎಂಬ ನಂಬಿಕೆ ಲೋಕದ ಅನೇಕ ದೇಶಗಳಲ್ಲಿ ಇತ್ತು. ನಮ್ಮ ಹುಳುಕುಹಲ್ಲು ಎಂಬ ಶಬ್ದವೇ ಅದಕ್ಕೆ ಸಾಕ್ಷಿ. ಮಿಲ್ಲರ್ ಮಾಡಿದ ಪ್ರಯೋಗ ನೋಡಲು ಬಹಳ ಸರಳವಾದದ್ದು. ಕಿತ್ತು ತೆಗೆದ ಹಲ್ಲುಗಳನ್ನು ಗಾಜಿನ ನಳಿಗೆಗಳಲ್ಲಿಟ್ಟರು. ಒಂದರಲ್ಲಿ ಬಾಯಿಯ ಎಂಜಲಿನೊಡನೆ ರೊಟ್ಟಿಯ ಚೂರು ಬೆರೆಸಿದರು. ಇನ್ನೊಂದರಲ್ಲಿ ಎಂಜಲಿನೊಡನೆ ಮಾಂಸ ಬೆರೆಸಿದರು. ಮತ್ತೊಂದರಲ್ಲಿ ಎಂಜಲನ್ನು ಮೊದಲು ಕುದಿಸಿ ಸೂಕ್ಷ್ಮಜೀವಿಗಳನ್ನು ಕೊಂದು ಬಳಿಕ ರೊಟ್ಟಿ ಬೆರೆಸಿದರು. ಎಲ್ಲವನ್ನೂ ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಕಾಪಾಡಿದರು.

ರೊಟ್ಟಿ ಬೆರೆತ ಎಂಜಲಿನಲ್ಲಿದ್ದ ಹಲ್ಲು ಮೆತ್ತಗಾಯಿತು. ಮಾಂಸದೊಡನಿದ್ದ ಹಲ್ಲಿಗೂ ಕುದಿಸಿದ ಎಂಜಲಿನಲ್ಲಿದ್ದ ಹಲ್ಲಿಗೂ ಅಂತಹ ಹಾನಿ ಆಗಲಿಲ್ಲ. ಹಾಗಾದರೆ ಹಲ್ಲನ್ನು ತಿಂದದ್ದು ಹುಳವಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಹಿಟ್ಟು ಸಕ್ಕರೆಗಳನ್ನು ಹುಳಿಯಾಗಿ ಮಾರ್ಪಡಿಸುತ್ತವೆ, ಹಾಲನ್ನು ಮೊಸರು ಮಾಡುವಂತಹ ಆಮ್ಲವೇ ಹಲ್ಲಿನ ಸುಣ್ಣಾಂಶವನ್ನು ಕರಗಿಸುತ್ತದೆ ಎಂದು ಅವರು ನಿರ್ಧರಿಸಿದರು. ಈ ಸಂಶೋಧನೆಗಳನ್ನೆಲ್ಲ ಸೇರಿಸಿ ಬಾಯಿಯ ಸೂಕ್ಷ್ಮಜೀವಿಗಳ ಬಗ್ಗೆ ಬರೆದ ದೊಡ್ಡ ಗ್ರಂಥ 1889ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1890ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟವಾಯಿತು. ಹಲ್ಲು ಕೀಳುವ ಕಸುಬು ಎಂದು ಜನ ತಾತ್ಸಾರ ಮಾಡುತ್ತಿದ್ದ ವೃತ್ತಿಗೆ ಶಾಸ್ತ್ರದ ತಳಹದಿ ಹಾಕಿದ ಕೃತಿಗಳಲ್ಲಿ ಇದೂ ಒಂದು.

ಅವರ ತೀರ್ಮಾನದಲ್ಲಿ ಎಲ್ಲವೂ ಪೂರ್ಣವಾಗಿತ್ತೆಂದು ಹೇಳಲಾಗದು. ಬಾಯಿಯ ಅನೇಕ ಜಾತಿಯ ಸೂಕ್ಷ್ಮಜೀವಿಗಳು ಒಟ್ಟಾಗಿ ಈ ಕೆಲಸ ಮಾಡುತ್ತವೆ ಎಂದಷ್ಟೇ ಅವರು ಹೇಳಿದ್ದರು. ಹುಳುಕಿನಲ್ಲಿ ಮುಖ್ಯ ಪಾತ್ರವಿರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಸೂಕ್ಷ್ಮಾಣುವನ್ನು ಕ್ಲಾರ್ಕ್ ಎಂಬವರು ಗುರುತಿಸಿದ್ದು 1924ರಲ್ಲಿ. ಆದರೂ ಹಿಟ್ಟು ಸಕ್ಕರೆ, ಸೂಕ್ಷ್ಮಜೀವಿ, ಆಮ್ಲ ಎಂಬ ಮೂರು ಮಾತಿನ ಸೂತ್ರ ಇಂದಿಗೂ ನಿಂತಿದೆ.

ತಪ್ಪಾಗಿ ಬಳಕೆಯಾದ ಮಾತು

ಬಾಯಿಯ ಸೋಂಕು ದೇಹದ ಬೇರೆ ಭಾಗಗಳಿಗೂ ಹರಡಬಹುದು ಎಂದು ಮಿಲ್ಲರ್ 1891ರಲ್ಲಿ ಬರೆದರು. ಮಾತು ಸರಿಯಾದದ್ದೇ. ಆದರೆ ಅವರ ತರುವಾಯ ಬಂದ ಕೆಲವು ವೈದ್ಯರು ಅದನ್ನು ವಿಪರೀತಕ್ಕೆ ಒಯ್ದರು. ಕೀಲುನೋವು, ಹೊಟ್ಟೆನೋವು ಎಲ್ಲಕ್ಕೂ ಹಲ್ಲೇ ಮೂಲವೆಂದು ಹೇಳಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡ್ ಅಮೆರಿಕಗಳಲ್ಲಿ ಅಸಂಖ್ಯ ಹಲ್ಲುಗಳನ್ನು ಕಿತ್ತು ಹಾಕಿದರು. ಮಿಲ್ಲರರ ಅಭಿಪ್ರಾಯ ಅದಾಗಿರಲಿಲ್ಲ. ಕೆಟ್ಟ ಹಲ್ಲಿನ ಬೇರಿನ ನಾಳವನ್ನು ಶುದ್ಧಮಾಡಿ ತುಂಬಿ ಹಲ್ಲನ್ನು ಉಳಿಸಿಕೊಳ್ಳಬೇಕೆಂಬುದೇ ಅವರ ನಿಲುವು. ನೋವು ಬಂದಾಗ ಕಿತ್ತುಬಿಡಿ ಎಂದು ವೈದ್ಯರನ್ನು ಅವಸರಪಡಿಸುವ ನಮ್ಮ ಜನ ಇದನ್ನು ಗಮನಿಸಬೇಕು.

ಕೊನೆಯ ಪ್ರಯೋಗ: ಹೊರಕವಚದ ಸವೆತ

ಹುಳುಕಿನ ಮರ್ಮ ತಿಳಿದ ಮೇಲೂ ಒಂದು ಸಮಸ್ಯೆ ಉಳಿದಿತ್ತು. ಹುಳುಕು ಇಲ್ಲದ, ನೋಡಲು ಶುಭ್ರವಾದ ಹಲ್ಲುಗಳೂ ಕೆಲವರಲ್ಲಿ ಸವೆದು ಹೋಗುತ್ತವೆ. ಒಸಡಿನ ಹತ್ತಿರ ಕೊಡಲಿಯಿಂದ ಕಡಿದಂತೆ ಕಚ್ಚು ಬೀಳುತ್ತದೆ. ಇದಕ್ಕೆ ಕಾರಣವೇನೆಂಬ ವಿಷಯದಲ್ಲಿ ಆಗಿನ ವೈದ್ಯರಲ್ಲಿ ಒಮ್ಮತವಿರಲಿಲ್ಲ. ಬದುಕಿನ ಕೊನೆಯ ವರ್ಷಗಳಲ್ಲಿ ಮಿಲ್ಲರ್ ಇದನ್ನೇ ಕೈಗೆತ್ತಿಕೊಂಡರು.

ಇಲ್ಲಿ ಹಲ್ಲಿನ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯ. ಹಲ್ಲಿನ ಹೊರಗೆ ಬಿಳಿಯಾಗಿ ಹೊಳೆಯುವ ಕವಚಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜವೇ. ಅದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ರಂಜಕ ಕೂಡಿದ ಹರಳು. ಅಗೆಯುವ ಹಲ್ಲಿನ ತುದಿಯಲ್ಲಿ ಇದರ ದಪ್ಪ ಸುಮಾರು 2.5 ಮಿಲಿಮೀಟರ್, ಒಸಡಿನ ಕಡೆಗೆ ಬಂದಂತೆ ತೀರ ತೆಳು. ಈ ಕವಚವನ್ನು ಕಟ್ಟಿದ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೆ ಇಲ್ಲವಾಗುತ್ತವೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕತ್ತರಿಸಿದ ಉಗುರು ಬೆಳೆಯುತ್ತದೆ. ಹೋದ ಎನಾಮಲ್ ಮಾತ್ರ ಮತ್ತೆ ಬೆಳೆಯುವುದಿಲ್ಲ. ಅಪಾಯದ ಮೂಲ ಇರುವುದು ಇಲ್ಲಿಯೇ.

ಮಿಲ್ಲರ್ ಕಿತ್ತ ಹಲ್ಲುಗಳನ್ನು ಆಮ್ಲಗಳಲ್ಲಿ ಇಟ್ಟು ನೋಡಿದರು. ಬ್ರಷ್ಷಿನಿಂದ ಬಗೆಬಗೆಯ ಹಲ್ಲುಪುಡಿ ಹಾಕಿ ಉಜ್ಜಿ ನೋಡಿದರು. ಒರಟಾದ ಪುಡಿ ಹಾಕಿ ತಿಕ್ಕಿದಾಗ ರೋಗಿಗಳ ಬಾಯಲ್ಲಿ ಕಂಡಂತಹದೇ ಕಚ್ಚುಗಳು ಬಿದ್ದವು. ಆರೋಗ್ಯಕ್ಕೆಂದು ದಿನವೂ ಮಾಡುವ ಕೆಲಸವೇ ಹಲ್ಲಿಗೆ ಮುಳುವಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಆಮ್ಲ ತಾಕಿದ ಹಲ್ಲು ಉಜ್ಜಾಟಕ್ಕೆ ಬೇಗ ಸೋಲುತ್ತದೆ ಎಂಬುದೂ ಸ್ಪಷ್ಟವಾಯಿತು. ಈ ಲೇಖನಗಳು ಡೆಂಟಲ್ ಕಾಸ್ಮಾಸ್ ಎಂಬ ಪತ್ರಿಕೆಯಲ್ಲಿ 1907ರಲ್ಲಿ ಬೆಳಕು ಕಂಡವು.

ಆ ಹೊತ್ತಿಗೆ ಅವರಿಗೆ ತಾನು ಮೊದಲು ಕಲಿತ ಮಿಷಿಗನ್ ವಿಶ್ವವಿದ್ಯಾನಿಲಯದ ದಂತವೈದ್ಯ ಶಾಲೆಯ ಮುಖ್ಯಸ್ಥರಾಗುವ ಕರೆ ಬಂದಿತ್ತು. ದೀರ್ಘಕಾಲದ ಬರ್ಲಿನ್ ವಾಸವನ್ನು ಮುಗಿಸಿ ಅವರು ತಾಯ್ನಾಡಿಗೆ ಮರಳಿದರು. ಆದರೆ ಆ ಪೀಠದಲ್ಲಿ ಕುಳಿತು ಪಾಠ ಹೇಳುವ ಯೋಗ ಬರಲಿಲ್ಲ. ಕರುಳಬಾಲದ ಉರಿಯೂತಕ್ಕಾಗಿ ಶಸ್ತ್ರಚಿಕಿತ್ಸೆ ಆದ ಬಳಿಕ 1907ರ ಜುಲೈ ತಿಂಗಳ ಕೊನೆಯಲ್ಲಿ, ಹುಟ್ಟಿದ ಒಹಾಯೊ ನೆಲದಲ್ಲಿಯೇ ಅವರು ತೀರಿಕೊಂಡರು. 54 ವರ್ಷ ತುಂಬಲು ಕೆಲವೇ ದಿನ ಉಳಿದಿದ್ದವು. ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟ ಅವರ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿತು. ಅದರ ಮೊದಲ ಗೌರವ 1910ರಲ್ಲಿ ಪ್ರಸಿದ್ಧ ದಂತವೈದ್ಯ ಜಿ. ವಿ. ಬ್ಲ್ಯಾಕ್ ಅವರಿಗೆ ಸಂದಿತು.

ಜತ್ತದ ಮನೆಗೆ ಮಿಲ್ಲರರ ಪಾಠ

ಮಿಲ್ಲರ್ ಬಿಟ್ಟುಹೋದ ಈ ಪಾಠವನ್ನು ಜತ್ತದ ಒಂದು ಸಾಮಾನ್ಯ ಮನೆಗೆ ಹೊಂದಿಸಿ ನೋಡೋಣ. ಮಿಲ್ಲರ್ ಸವೆತದಲ್ಲಿ ಉಜ್ಜಾಟಕ್ಕೆ ಹೆಚ್ಚು ತೂಕ ಕೊಟ್ಟಿದ್ದರು. ಆಮ್ಲ ಮೊದಲು ಮೆತ್ತಗೆ ಮಾಡುತ್ತದೆ, ಉಜ್ಜಾಟ ಆ ಮೆತ್ತಗಿನ ಪದರವನ್ನು ಒಯ್ಯುತ್ತದೆ ಎಂದು ಇಂದಿನ ವೈದ್ಯರು ಎರಡನ್ನೂ ಜೊತೆಗಿಟ್ಟು ಹೇಳುತ್ತಾರೆ. ಹುಳುಕಿನಲ್ಲಿ ಆಮ್ಲವನ್ನು ತಯಾರಿಸುವುದು ಸೂಕ್ಷ್ಮಜೀವಿ. ಸವೆತದಲ್ಲಿ ಆಮ್ಲ ನೇರವಾಗಿ ಆಹಾರದಿಂದಲೋ ಹೊಟ್ಟೆಯಿಂದಲೋ ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಮೊದಲು ಉಜ್ಜುವ ಪುಡಿಯ ವಿಚಾರ. ತಂಬಾಕನ್ನು ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಮಶೇರಿಯ ರೂಢಿ ಮಹಾರಾಷ್ಟ್ರದ ಹಳ್ಳಿಗಳಲ್ಲಿ, ವಿಶೇಷವಾಗಿ ಹೆಂಗಸರಲ್ಲಿ ಇದೆ. ಇದು ಹಲ್ಲನ್ನು ಕೆಡಿಸುವುದಷ್ಟೇ ಅಲ್ಲ, ಚಟವಾಗಿ ಅಂಟಿಕೊಂಡು ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಬೂದಿ, ಇದ್ದಿಲು, ಇಟ್ಟಿಗೆಪುಡಿಗಳೂ ಒರಟಾದವೇ. ನಮ್ಮ ಕಡೆಯ ಹಿರಿಯರು ಬಳಸುತ್ತಿದ್ದ ಉಮಿಯ ಕರಿಯೂ ಇದೇ ಜಾತಿಗೆ ಸೇರಿದ್ದು. ಭತ್ತದ ಉಮಿಯಲ್ಲಿ ಮರಳಿನಂತಹ ಅಂಶ ಹೇರಳವಾಗಿರುವುದರಿಂದ ಅದು ಹಲ್ಲನ್ನು ಬೆಳಗಿದಂತೆ ತೋರಿದರೂ ತೇದುಬಿಡುತ್ತದೆ. ಹಿತ್ತಾಳೆಯ ತಂಬಿಗೆಯನ್ನು ದಿನವೂ ತಿಕ್ಕಿದರೆ ಅದು ತೆಳುವಾಗುವುದಿಲ್ಲವೇ?

ಎರಡನೆಯದು ಹುಳಿ. ಜತ್ತದ ಊಟದಲ್ಲಿ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯ ಉಂಟು, ಹುಣಸೆಯ ಸಾರು ಉಂಟು. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಗೆ ಹೆಸರಾದದ್ದು. ನೀರು ದೊರೆತ ಕಡೆ ದ್ರಾಕ್ಷಿ, ದಾಳಿಂಬೆ ತೋಟಗಳಿವೆ. ನಮ್ಮಲ್ಲಿ ಪುನರ್ಪುಳಿ, ಮಾವಿನಕಾಯಿಗಳು ಇದ್ದಂತೆ. ಇವನ್ನೆಲ್ಲ ಬಿಡಬೇಕೆಂದು ಯಾರೂ ಹೇಳುವುದಿಲ್ಲ. ಊಟದಲ್ಲಿ ಬೆರೆತ ಹುಳಿ ಅನ್ನ ರೊಟ್ಟಿಗಳೊಡನೆ ಬೇಗ ಗಂಟಲಿಗೆ ಇಳಿಯುತ್ತದೆ. ಅಪಾಯ ಇರುವುದು ದಿನವಿಡೀ ಹುಣಸೆಯ ತುಣುಕನ್ನೋ ನಿಂಬೆಯ ಹೋಳನ್ನೋ ಬಾಯಲ್ಲಿಟ್ಟು ಚೀಪುವುದರಲ್ಲಿ, ತಂಪು ಪಾನೀಯವನ್ನು ಗುಟುಕು ಗುಟುಕಾಗಿ ಕುಡಿಯುವುದರಲ್ಲಿ. ಹುಳಿಯ ಅಳತೆಗೆ ಪಿ.ಎಚ್. ಎಂಬ ಲೆಕ್ಕವಿದೆ. ಶುದ್ಧ ನೀರಿಗೆ ಅದು 7. ಸಂಖ್ಯೆ ಇಳಿದಷ್ಟೂ ಹುಳಿ ಹೆಚ್ಚು. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ನಿಂಬೆರಸ 2ರಿಂದ 3ರೊಳಗೆ ಇರುತ್ತದೆ, ಅಂಗಡಿಯ ಕೋಲಾ ಪಾನೀಯಗಳೂ ಹಾಗೆಯೇ. ಪಾನೀಯದಲ್ಲಿ ಸಕ್ಕರೆ ಸೇರಿದ್ದರೆ ಸವೆತದೊಡನೆ ಹುಳುಕೂ ಬರುತ್ತದೆ.

ಹುಳಿಯೆಂದು ಮಜ್ಜಿಗೆಗೆ ಹೆದರಬೇಕಾಗಿಲ್ಲ. ಮೊಸರು ಮಜ್ಜಿಗೆಗಳು ಹುಳಿಯಾದರೂ ಅವುಗಳಲ್ಲಿ ಕ್ಯಾಲ್ಸಿಯಂ ತುಂಬಿಕೊಂಡಿರುವುದರಿಂದ ಹಲ್ಲಿನಿಂದ ಅದನ್ನು ಸೆಳೆದುಕೊಳ್ಳುವುದಿಲ್ಲ. ಬಿಸಿಲಿನಲ್ಲಿ ಹೊಲದ ಕೆಲಸ ಮಾಡಿ ಬಂದವನಿಗೆ ಕೋಲಾ ಬಾಟಲಿಗಿಂತ ಒಂದು ಲೋಟ ಮಜ್ಜಿಗೆ ಎಲ್ಲ ವಿಧದಿಂದಲೂ ಮೇಲು.

ಎಂಜಲೇ ಕಾವಲುಗಾರ

ಮಿಲ್ಲರರ ನಳಿಗೆಯಲ್ಲಿ ಹಲ್ಲನ್ನು ಕೆಡಿಸಿದ ಎಂಜಲು ಜೀವಂತ ಬಾಯಲ್ಲಿ ಹಲ್ಲಿನ ಕಾವಲುಗಾರನೂ ಹೌದು. ಹರಿಯುವ ಎಂಜಲು ಹುಳಿಯನ್ನು ತೊಳೆಯುತ್ತದೆ, ಅದರ ತೀಕ್ಷ್ಣತೆಯನ್ನು ಇಳಿಸುತ್ತದೆ, ಮೆತ್ತಗಾದ ಮೇಲ್ಮೈಗೆ ಕ್ಯಾಲ್ಸಿಯಂ ರಂಜಕಗಳನ್ನು ಮರಳಿಸಿ ಮತ್ತೆ ಗಟ್ಟಿ ಮಾಡುತ್ತದೆ. ಕಳೆದುಹೋದ ಪದರವನ್ನು ಅದು ಕಟ್ಟಲಾರದು. ಮೆತ್ತಗಾಗಿ ಇನ್ನೂ ಉಳಿದಿರುವುದನ್ನು ಮಾತ್ರ ಕಾಪಾಡಬಲ್ಲದು. ಈ ಕೆಲಸಕ್ಕೆ ಸಮಯ ಬೇಕು. ಆದ್ದರಿಂದ ಹುಳಿ ತಿಂದ ಕೂಡಲೇ ಬ್ರಷ್ ಹಿಡಿಯಬಾರದು. ನೀರಿನಿಂದ ಬಾಯಿ ಮುಕ್ಕಳಿಸಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಉಜ್ಜಬೇಕು. ಉಂಡ ಮೇಲೆ ಬಾಯಿ ಮುಕ್ಕಳಿಸುವ ನಮ್ಮ ಹಿರಿಯರ ಕ್ರಮ ಎಷ್ಟು ವಿವೇಕದ್ದೆಂಬುದು ಇದರಿಂದ ತಿಳಿಯುತ್ತದೆ. ಬರಗಾಲದ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವವರ ಬಾಯಿ ಒಣಗುತ್ತದೆ. ಒಣಬಾಯಿಗೆ ಬಿದ್ದ ಹುಳಿ ಹೆಚ್ಚು ಕೆಡುಕು ಮಾಡುತ್ತದೆ. ಅಂತಹವರು ಮೊದಲು ನೀರು ಕುಡಿಯಬೇಕು.

ಹುಳಿ ಹೊರಗಿನಿಂದಲೇ ಬರಬೇಕೆಂದಿಲ್ಲ. ಹುಳಿತೇಗು, ಎದೆಯುರಿ ಇರುವವರಲ್ಲಿ ಹೊಟ್ಟೆಯ ಆಮ್ಲ ಬಾಯಿಗೆ ಬಂದು ಹಲ್ಲಿನ ಒಳಬದಿಯನ್ನು ಸವೆಸುತ್ತದೆ. ಬಸುರಿಯರಿಗೆ ಪದೇ ಪದೇ ವಾಂತಿಯಾದರೂ ಹೀಗೆಯೇ. ಅವರೂ ವಾಂತಿಯಾದೊಡನೆ ಉಜ್ಜದೆ ನೀರಿನಿಂದ ಮುಕ್ಕಳಿಸಬೇಕು. ಎದೆಯುರಿ ಬಹುದಿನ ಇದ್ದರೆ ಹಲ್ಲಿಗಿಂತ ಮೊದಲು ಹೊಟ್ಟೆಗೆ ಚಿಕಿತ್ಸೆ ಆಗಬೇಕು.

ಸವೆತದ ಗುರುತುಗಳು ಮನೆಯಲ್ಲಿಯೇ ತಿಳಿಯುತ್ತವೆ. ತಣ್ಣೀರು, ಬಿಸಿ ಚಹಾ ತಾಕಿದರೆ ಹಲ್ಲು ಜುಮ್ಮೆನ್ನುವುದು, ಹೊರಕವಚ ತೆಳುವಾಗಿ ಒಳಗಿನ ಹಳದಿ ಬಣ್ಣ ಕಾಣುವುದು, ಮುಂದಿನ ಹಲ್ಲುಗಳ ಅಂಚು ಗಾಜಿನಂತೆ ಪಾರದರ್ಶಕವಾಗುವುದು, ಅಗೆಯುವ ಹಲ್ಲಿನ ಮೇಲೆ ಸಣ್ಣ ಗುಳಿ ಬೀಳುವುದು, ಇವೆಲ್ಲ ಎಚ್ಚರಿಕೆಯ ಸೂಚನೆಗಳು. ಮಕ್ಕಳ ಹಾಲುಹಲ್ಲಿನ ಕವಚ ಇನ್ನೂ ತೆಳುವಾದ್ದರಿಂದ ತಾಯಂದಿರು ಹೆಚ್ಚು ಗಮನ ಕೊಡಬೇಕು. ಒಣಸೀಮೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇದ್ದು ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಮಚ್ಚೆ ಮೂಡುವುದುಂಟು. ಅದು ಸವೆತವಲ್ಲ, ಬೇರೆಯೇ ತೊಂದರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ನಮ್ಮ ದೇಶದ ಮಾನಕ. ಬೇರೆ ನೀರೇ ಸಿಗದ ಕಡೆ 1.5ರ ತನಕ ಒಪ್ಪುತ್ತಾರೆ. ಮಚ್ಚೆ ಕಂಡ ಊರಿನವರು ನೀರನ್ನು ಪರೀಕ್ಷೆ ಮಾಡಿಸಬೇಕು.

ಇನ್ನು ಆರೈಕೆಯ ಮಾತು. ಮೆತ್ತಗಿನ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್, ದಿನಕ್ಕೆರಡು ಸಲ ಹಗುರವಾದ ಕೈ, ಇಷ್ಟು ಸಾಕು. ಗರಗಸ ಎಳೆದಂತೆ ಅಡ್ಡಡ್ಡಲಾಗಿ ತಿಕ್ಕಬಾರದು. ರಾತ್ರಿ ಮಲಗುವ ಮೊದಲು ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಬಾಯಿಗೆ ಹಾಕಬಾರದು. ಸಣ್ಣ ಮಕ್ಕಳಿಗೆ ಪೇಸ್ಟ್ ಅಕ್ಕಿಕಾಳಿನಷ್ಟು, ಮೂರು ವರ್ಷ ದಾಟಿದವರಿಗೆ ಬಟಾಣಿಯಷ್ಟು ಸಾಕು, ಅದನ್ನು ನುಂಗದಂತೆ ನೋಡಿಕೊಳ್ಳಬೇಕು. ಸವೆತ ಹೆಚ್ಚಾಗಿದ್ದರೆ ದಂತವೈದ್ಯರು ಫ್ಲೋರೈಡ್ ಲೇಪ ಹಚ್ಚುತ್ತಾರೆ, ಗುಳಿಯನ್ನು ಹಲ್ಲಿನ ಬಣ್ಣದ ಪದಾರ್ಥದಿಂದ ತುಂಬುತ್ತಾರೆ.

ನಮ್ಮ ದೇಶದಲ್ಲಿ ದಂತವೈದ್ಯದ ಮೊದಲ ಕಾಲೇಜನ್ನು ಡಾ. ರಫೀಉದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ತೆರೆದದ್ದು 1920ರಲ್ಲಿ, ಮಿಲ್ಲರ್ ತೀರಿಕೊಂಡು 13 ವರ್ಷಗಳಾದ ಮೇಲೆ. ನಮಗೆ ಸಮೀಪದ ಮಣಿಪಾಲದಲ್ಲಿ ಅಂತಹ ಕಾಲೇಜು 1965ರಲ್ಲಿ ಬಂತು. ಈಗ ನಮ್ಮ ಸುತ್ತ ವೈದ್ಯರಿಗೆ ಕೊರತೆಯಿಲ್ಲ. ಜತ್ತದ ಪೂರ್ವದ ಹಳ್ಳಿಗಳಲ್ಲಿರುವವರಿಗೆ ದಾರಿ ಇನ್ನೂ ದೂರವೇ. ಅಲ್ಲಿ ನಂಟರೋ ಪರಿಚಯದವರೋ ಇರುವ ಓದುಗರು ಈ ಬರಹದ ನಾಲ್ಕು ಮಾತುಗಳನ್ನು ಅವರಿಗೂ ತಿಳಿಸಿದರೆ ಒಳ್ಳೆಯದು. ಮಶೇರಿಯನ್ನು ಬಿಡುವುದಕ್ಕೆ ಹಣ ಬೇಕಾಗಿಲ್ಲ. ಹುಳಿ ತಿಂದ ಮೇಲೆ ಒಂದು ಬಾಯಿ ನೀರು ಮುಕ್ಕಳಿಸುವುದಕ್ಕೆ ಸಾಂಗ್ಲಿಯ ತನಕ ಹೋಗಬೇಕಾಗಿಯೂ ಇಲ್ಲ.